ಮಳೆಯಲ್ಲಿ ರಾಯಗಡ

ಪುಣೆ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಶಿವಾಜಿಯ ಒಂದಾದರೂ ಕೋಟೆಯನ್ನು ಹತ್ತದವರು ವಿರಳ. ಸಿಂಹಗಡವಂತೂ ಪುಣೆಯವರಿಗೆ ಭಾನುವಾರದ ಈರುಳ್ಳಿ ಭಜಿಗೆ ಒಂದು ನೆಪವಾಗಿ ಹೋಗಿದೆ. ಊರಿನಿಂದ ನೆಂಟರು ಬಂದರೆ ಶನಿವಾರವಾಡೆ ತೋರಿಸಿ, ಮಾರನೆಯ ದಿನ ಸಿಂಹಗಡ ತೋರಿಸಿ, ಮೂರನೆಯ ದಿನ ಚಕ್ಕುಲಿಯ ಪೊಟ್ಟಣ ಕೈಗಿತ್ತು ಗಾಡಿ ಹತ್ತಿಸುವುದು ನಮ್ಮಲ್ಲಿ ರೂಢಿ. ರಾಯಗಡದ ಮಾತು ಬೇರೆ. ಅದು ದೂರ, ದಾರಿಯಲ್ಲಿ ಘಟ್ಟ ಇಳಿಯಬೇಕು, ಇಳಿದ ಮೇಲೆ ಮತ್ತೆ ಹತ್ತಬೇಕು. ಆದಕಾರಣ ‘ಒಮ್ಮೆ ಹೋಗೋಣ’ ಎನ್ನುತ್ತ ಹತ್ತು ವರ್ಷ ಕಳೆದವರು ನಮ್ಮ ಸಂಘದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಹೋಗುವುದಾದರೆ ಚಳಿಗಾಲದಲ್ಲಿ ಹೋಗಬೇಕು ಎಂದು ತಿಳಿದವರೆಲ್ಲ ಹೇಳುತ್ತಾರೆ. ಆಕಾಶ ತಿಳಿಯಾಗಿರುತ್ತದೆ, ಸುತ್ತಲಿನ ಸಹ್ಯಾದ್ರಿಯ ಸಾಲುಗಳು ಕಣ್ಣಿಗೆ ಹಬ್ಬ. ಇದು ಸುಳ್ಳಲ್ಲ. ಆದರೆ ಕೋಟೆಯೆಂಬುದು ಏತಕ್ಕಾಗಿ ಹುಟ್ಟಿತು, ಅದರ ಮೇಲೆ ಬದುಕಿದವರು ಹೇಗೆ ಬದುಕಿದರು ಎಂಬುದನ್ನು ಅರಿಯಬೇಕಾದರೆ ಮಳೆಗಾಲದ ಒಂದು ದಿನವೇ ಸರಿಯಾದ ಗುರು ಎಂದು ನನಗೆ ಈಗ ತೋರುತ್ತದೆ. ಗುರು ಕಠಿಣನೆಂಬುದನ್ನು ಮಾತ್ರ ಮೊದಲೇ ಹೇಳಿಬಿಡಬೇಕು.

ರಾಯಗಡವಿರುವುದು ಮಹಾಡ ತಾಲ್ಲೂಕಿನಲ್ಲಿ. ಹಿಂದೆ ಕೊಲಾಬಾ ಎನಿಸಿಕೊಂಡಿದ್ದ ಜಿಲ್ಲೆಗೆ ೧೯೮೧ರಲ್ಲಿ ಈ ಗಡದ ಹೆಸರನ್ನೇ ಇಟ್ಟರು. ಸಮುದ್ರಮಟ್ಟದಿಂದ ಸುಮಾರು ೨,೭೦೦ ಅಡಿ ಎತ್ತರ. ಬೆಟ್ಟ ಮುಖ್ಯ ಘಟ್ಟದಿಂದ ಕಡಿದುಕೊಂಡು ತನ್ನ ಪಾಡಿಗೆ ತಾನು ನಿಂತಿದೆ. ಸುತ್ತಲೂ ಕಣಿವೆ, ಬದಿಗಳೆಲ್ಲ ಕತ್ತರಿಸಿದಂಥ ಕರಿಯ ಬಂಡೆ. ಅರಬ್ಬಿ ಸಮುದ್ರದ ಮೇಲಿಂದ ನೀರು ಹೊತ್ತು ಬರುವ ನೈಋತ್ಯ ಮಾರುತ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಹೊತ್ತದ್ದನ್ನು ಕೆಳಗಿಳಿಸುತ್ತದೆ. ನಮ್ಮ ಆಗುಂಬೆಗೆ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದೂ, ಘಟ್ಟದ ಮರೆಯಲ್ಲಿ ಕೂತ ಪುಣೆಗೆ ಅದರ ಹತ್ತನೆಯ ಒಂದು ಪಾಲಷ್ಟೇ ದಕ್ಕುವುದೂ ಇದೇ ಕಾರಣದಿಂದ. ರಾಯಗಡ ಗೋಡೆಯ ಮುಂದೆ, ಗಾಳಿಗೆ ಎದೆಯೊಡ್ಡಿ ನಿಂತ ಬೆಟ್ಟ. ಎಂದ ಮೇಲೆ ಆಷಾಢದಲ್ಲಿ ಅಲ್ಲಿನ ಸ್ಥಿತಿ ಕೇಳಬೇಕೆ!

ಈ ಎತ್ತರವನ್ನೂ ಈ ಮಳೆಯನ್ನೂ ನೋಡಿಯೇ ಶಿವಾಜಿ ಇದನ್ನು ಆರಿಸಿದ. ೧೬೫೬ರಲ್ಲಿ ಜಾವಳಿಯ ಚಂದ್ರರಾವ್ ಮೋರೆಯಿಂದ ಇದನ್ನು ಗೆದ್ದುಕೊಂಡಾಗ ಇದರ ಹೆಸರು ರಾಯರಿ. ಹಿರೋಜಿ ಇಂದುಲ್ಕರ್ ಎಂಬ ನಿಪುಣನು ಅರಮನೆ, ಕೆರೆ, ಪೇಟೆ, ದೇವಾಲಯಗಳನ್ನು ಕಟ್ಟಿ ಇದನ್ನು ರಾಜಧಾನಿಯಾಗಿಸಿದ. ೧೬೭೪ರ ಜೂನ್ ೬ರಂದು ಇಲ್ಲಿ ಪಟ್ಟಾಭಿಷೇಕವಾಯಿತು. ತಾರೀಖನ್ನು ಗಮನಿಸಿರಿ: ಮಳೆ ಹೊಸ್ತಿಲಲ್ಲಿ ನಿಂತ ಕಾಲ. ಮುಂಬಯಿಯ ಇಂಗ್ಲಿಷರ ಪರವಾಗಿ ಬಂದಿದ್ದ ಹೆನ್ರಿ ಆಕ್ಸಿಂಡನ್ ಮೇ ತಿಂಗಳಲ್ಲೇ ಬೆಟ್ಟದ ಬುಡಕ್ಕೆ ಬಂದು, ಶಿವಾಜಿ ಪ್ರತಾಪಗಡದ ಭವಾನಿಯ ದರ್ಶನಕ್ಕೆ ಹೋಗಿದ್ದರಿಂದ ಕಾದು, ಅನಂತರ ಗಡವನ್ನೇರಿ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ತಾಯಿ ಜೀಜಾಬಾಯಿಗೆ ಗಡದ ಮೇಲಿನ ಗಾಳಿ, ಚಳಿ ಒಗ್ಗದೆ, ಆಕೆಗಾಗಿ ಬುಡದ ಪಾಚಾಡ ಗ್ರಾಮದಲ್ಲಿ ಬೇರೆ ವಾಡೆಯನ್ನು ಕಟ್ಟಿಸಿದರೆಂದು ಹೇಳುತ್ತಾರೆ. ಮಗನ ಪಟ್ಟಾಭಿಷೇಕವನ್ನು ಕಂಡು ಹನ್ನೊಂದೇ ದಿನಕ್ಕೆ, ಜೂನ್ ೧೭ರಂದು, ಆಕೆ ಪಾಚಾಡದಲ್ಲೇ ತೀರಿಕೊಂಡಳು. ಸಮಾಧಿ ರಸ್ತೆಯ ಸಮೀಪದಲ್ಲೇ ಇದೆ. ಗಡಕ್ಕೆ ಹೋಗುವ ಅವಸರದಲ್ಲಿ ಅದನ್ನು ದಾಟಿ ಹೋಗಿಬಿಡುವವರು ಬಹಳ ಮಂದಿ. ದಯವಿಟ್ಟು ಐದು ನಿಮಿಷ ಅಲ್ಲಿ ಇಳಿಯಿರಿ.

ನಾವು ಹೊರಟದ್ದು ಈಚೆಗೊಂದು ವರ್ಷ ಜೂನ್ ತಿಂಗಳ ಕೊನೆಯಲ್ಲಿ. ಜೊತೆಗೆ ನನ್ನ ತಾಯಿ, ಮನೆಯವಳು, ಹನ್ನೊಂದು ವರ್ಷದ ಮಗ. ತಾಯಿ ಸಾಗರದ ಕಡೆಯವರು. ಮಳೆಯೆಂದರೆ ಹೆದರುವ ಪೈಕಿಯಲ್ಲ. ಅವರು ಪುಣೆಗೆ ಬರುವುದು ವರ್ಷಕ್ಕೊಮ್ಮೆ. ಬಂದಾಗಲೆಲ್ಲ ಮೊಮ್ಮಗನೊಡನೆ ಒಂದು ಮೌನ ಸಮರ ನಡೆಯುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಹುಡುಗ ಮರಾಠಿಯಲ್ಲಿ ಉತ್ತರಿಸುತ್ತಾನೆ. ಅವನಿಗೆ ಕನ್ನಡ ಅರ್ಥವಾಗದೆಂದಲ್ಲ, ಮಾತಾಡಲು ನಾಚಿಕೆ. ಹೊರನಾಡಿನ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಓದುಗರಲ್ಲಿ ಅನೇಕರು ಈ ಸಮರವನ್ನು ತಮ್ಮ ಮನೆಯಲ್ಲೂ ಕಂಡಿರಬಹುದು. ಅದು ದೊಡ್ಡ ಜಗಳವಲ್ಲ. ಆದರೆ ಅಜ್ಜಿ ಊರಿಗೆ ಮರಳುವಾಗ ರೈಲಿನ ಕಿಟಕಿಯಲ್ಲಿ ಅದರ ನೋವು ಕಾಣಿಸುತ್ತದೆ.

ತಾಮ್ಹಿಣಿ ಘಟ್ಟದ ದಾರಿಯುದ್ದಕ್ಕೂ ಮಂಜು, ನೂರಾರು ಜಲಧಾರೆ. ಗಡದ ಬುಡಕ್ಕೆ ಬಂದಾಗ ಮಳೆ ತುಂತುರಾಗಿತ್ತು. ಕಾಲ್ನಡಿಗೆಯಲ್ಲಿ ಹೋಗುವವರಿಗೆ ಸಾವಿರದ ಏಳುನೂರಕ್ಕೂ ಮಿಕ್ಕ ಮೆಟ್ಟಿಲುಗಳುಂಟು. ವಯಸ್ಸಾದವರಿಗೆ ಹಿರ್ಕಣಿವಾಡಿಯಿಂದ ೧೯೯೬ರಲ್ಲಿ ಆರಂಭವಾದ ಹಗ್ಗದ ದಾರಿಯುಂಟು. ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕೂತರೆ ನಾಲ್ಕೈದು ನಿಮಿಷದಲ್ಲಿ ಮೇಲಿರುತ್ತೇವೆ. ತಾಯಿಯವರಿದ್ದುದರಿಂದ ತೊಟ್ಟಿಲನ್ನೇ ಆರಿಸಿದೆವು. ಮಂಜಿನೊಳಗೆ ಏರುವಾಗ ಕೆಳಗೂ ಇಲ್ಲ, ಮೇಲೂ ಇಲ್ಲ. ‘ತ್ರಿಶಂಕುವಿಗೆ ಹೀಗೇ ಆಗಿರಬೇಕು’ ಎಂದರು ತಾಯಿ.

ಮೇಲೆ ಹತ್ತು ಮಾರು ದೂರದ್ದೂ ಕಾಣದು. ಕಂಡದ್ದೆಲ್ಲ ತುಂಡುತುಂಡಾಗಿ ಮಂಜಿನಿಂದ ಎದ್ದು ಬರುತ್ತಿತ್ತು: ರಾಣಿವಾಸದ ಅಡಿಪಾಯಗಳು, ಗಂಗಾಸಾಗರ ಕೆರೆ, ಅದರ ಪಕ್ಕದಲ್ಲಿ ಹನ್ನೆರಡು ಮೂಲೆಯ ಗೋಪುರಗಳು. ರಾಜಸಭೆಯಲ್ಲಿ ಸಿಂಹಾಸನವಿದ್ದ ಜಾಗದಲ್ಲಿ ಈಗ ಮಂಟಪದ ಕೆಳಗೆ ಶಿವಾಜಿಯ ಕುಳಿತ ಮೂರ್ತಿಯಿದೆ. ಎದುರಿನ ನಗಾರಖಾನೆಯ ಬಾಗಿಲಲ್ಲಿ ಮೆಲ್ಲನೆ ಆಡಿದ ಮಾತೂ ಸಿಂಹಾಸನದವರೆಗೆ ಕೇಳಿಸುತ್ತದೆಂದು ಪ್ರಸಿದ್ಧಿ. ಮಗ ಅಲ್ಲಿ ನಿಂತು ಏನೋ ಹೇಳಿದ. ಗಾಳಿಯ ಮೊರೆತದಲ್ಲಿ ನಮಗೇನೂ ಕೇಳಿಸಲಿಲ್ಲ. ಅರಸನ ಕಿವಿಗೂ ಮಳೆಗಾಲದಲ್ಲಿ ರಜೆಯಿದ್ದಿರಬೇಕು.

ಆದರೆ ಹುಡುಗನ ಬಾಯಿಗೆ ರಜೆಯಿರಲಿಲ್ಲ. ಮಹಾರಾಷ್ಟ್ರದ ನಾಲ್ಕನೆಯ ಇಯತ್ತೆಯ ಇತಿಹಾಸ ಪುಸ್ತಕ ಮೊದಲಿನಿಂದ ಕೊನೆಯವರೆಗೆ ಶಿವಾಜಿಯ ಕಥೆ. ಅದು ಇವನಿಗೆ ಕಂಠಪಾಠ. ಪೇಟೆಯ ಎರಡು ಸಾಲು ಅಂಗಡಿಗಳ ಎತ್ತರದ ಜಗಲಿಗಳನ್ನು ತೋರಿಸಿ, ಸವಾರರು ಕುದುರೆಯಿಂದ ಇಳಿಯದೆ ಕೊಳ್ಳಲೆಂದು ಹೀಗೆ ಕಟ್ಟಿದರೆಂಬ ಮಾರ್ಗದರ್ಶಕರ ಮಾತನ್ನು ಒಪ್ಪಿಸಿದ. ಜಗದೀಶ್ವರನ ಗುಡಿಯಲ್ಲಿ ಹಿರೋಜಿಯ ಮೆಟ್ಟಿಲಿಗೆ ಕರೆದೊಯ್ದ. ಇಷ್ಟು ದೊಡ್ಡ ಕೋಟೆಯನ್ನು ಕಟ್ಟಿದವನು ತನ್ನ ಹೆಸರನ್ನು ಬರೆಸಿದ್ದು, ದೇವರಿಗೆ ಬರುವವರ ಪಾದ ಬೀಳುವ ಕಲ್ಲಿನ ಮೇಲೆ, ಸೇವೆಗೆ ಸದಾ ಸಿದ್ಧನೆಂದು. ತಾಯಿ ಆ ಕಲ್ಲನ್ನು ತುಳಿಯದೆ, ಮುಟ್ಟಿ ಕಣ್ಣಿಗೊತ್ತಿಕೊಂಡರು. ಗುಡಿಯ ಮುಂದೆ, ೧೬೮೦ರ ಏಪ್ರಿಲ್ ೩ರಂದು ಇದೇ ಗಡದ ಮೇಲೆ ತೀರಿಕೊಂಡ ಶಿವಾಜಿಯ ಸಮಾಧಿ. ಪೇಶ್ವೆಗಳ ಕೊನೆಗಾಲದಲ್ಲಿ, ೧೮೧೮ರ ಮೇ ತಿಂಗಳಲ್ಲಿ, ಇಂಗ್ಲಿಷರ ತೋಪುಗಳು ಗಡವನ್ನು ಸುಟ್ಟವು. ಆಮೇಲೆ ಬಹುಕಾಲ ಇಲ್ಲಿ ಹುಲ್ಲು ಬೆಳೆದಿತ್ತು. ಜ್ಯೋತಿಬಾ ಫುಲೆಯವರು ೧೮೬೯ರಲ್ಲಿ ಶಿವಾಜಿಯ ಪೊವಾಡವನ್ನು ಬರೆದದ್ದು, ೧೮೯೫ರಿಂದ ಲೋಕಮಾನ್ಯ ತಿಲಕರು ಸಮಾಧಿಯ ಜೀರ್ಣೋದ್ಧಾರಕ್ಕಾಗಿ ಜನರನ್ನು ಎಬ್ಬಿಸಿದ್ದು, ಇವೆಲ್ಲ ಈ ಬೆಟ್ಟವನ್ನು ಮತ್ತೆ ಜನರ ನೆನಪಿಗೆ ತಂದುವು.

ಮಧ್ಯಾಹ್ನ ಮೂರರ ಹೊತ್ತಿಗೆ ಹವೆ ತಿರುಗಿತು. ತುಂತುರು ಹೋಗಿ ಹೊಡೆತದ ಮಳೆ ಬಂತು; ಕೊಡೆಗಳು ಅಡಿಮೇಲಾದುವು. ಹಗ್ಗದ ದಾರಿಯ ಬಳಿಗೆ ಬಂದರೆ ಗಾಳಿಯ ದೆಸೆಯಿಂದ ತೊಟ್ಟಿಲು ನಿಲ್ಲಿಸಿದ್ದಾರೆ. ಗಾಳಿ ತಗ್ಗುವವರೆಗೆ ಬಿಡುವಂತಿಲ್ಲ. ಅದು ಸರಿಯಾದ ಕಟ್ಟಳೆಯೇ. ಕಾದವರಲ್ಲಿ ಹತ್ತು ಹನ್ನೆರಡು ಜನ ತರುಣರು ಮೆಟ್ಟಿಲಿನಿಂದ ಇಳಿಯುತ್ತೇವೆಂದು ಹೊರಟರು. ನನಗೆ ಮರುದಿನ ಬೆಳಗ್ಗೆ ಹತ್ತಕ್ಕೆ ಕಛೇರಿಯಲ್ಲಿ ಇರಬೇಕಾಗಿತ್ತು. ತಿಂಗಳ ಕೊನೆ, ರಜೆಯೂ ಮುಗಿದಿತ್ತು. ತರುಣರ ಜೊತೆ ನಿಧಾನವಾಗಿ ಇಳಿದರೆ ಕತ್ತಲೆಗೆ ಮುಂಚೆ ಬುಡ ಸೇರಬಹುದು ಎಂದು ಲೆಕ್ಕ ಹಾಕಿದೆ. ಮನೆಯವಳು ಮಾತಾಡಲಿಲ್ಲ; ಅತ್ತೆಯ ಕಾಲಿನ ಕಡೆ ನೋಡಿದಳು. ತಾಯಿ ಮಾತ್ರ, ‘ನಿನಗೆ ಕೆಲಸವಿದ್ದರೆ ಇಳಿಯೋಣ, ನಾನು ಇಳಿಯುತ್ತೇನೆ’ ಎಂದರು. ಹಾಗೆ ಅವರು ಹೇಳಿದ್ದೇ ನನಗೆ ಭಾರವಾಯಿತು.

ಆಗ ಗಡದ ಮೇಲೆಯೇ ವಾಸಿಸುವ, ಪ್ರವಾಸಿಗರಿಗೆ ಪಿಠಲೆ ಭಾಕರಿ ಮಾಡಿಕೊಡುವ ಒಬ್ಬ ಹೆಂಗಸು ನಮ್ಮನ್ನು ನೋಡಿ ಬಂದಳು. ತಾಯಿಯವರ ಪಾದದ ಕಡೆ ನೋಡಿ, ‘ಈಗ ಅದು ದಾರಿಯಲ್ಲ, ಹೊಳೆ’ ಎಂದು ಮರಾಠಿಯಲ್ಲಿ ಹೇಳಿದಳು. ಆಕೆಯ ವಿವರಣೆ ಚಿಕ್ಕದು. ಮೇಲೆ ಬಿದ್ದ ನೀರಿಗೂ ಮನುಷ್ಯರಿಗೂ ಇಳಿಯಲು ಸುಲಭದ ಜಾಗ ಒಂದೇ; ಆದ್ದರಿಂದ ಮಳೆ ಜೋರಾದಾಗ ಮೆಟ್ಟಿಲು ನೀರಿನದಾಗುತ್ತದೆ. ಮಳೆ ನಿಂತರೂ ಒಂದೆರಡು ಗಂಟೆ ಬಿಟ್ಟು ಇಳಿಯಬೇಕು. ಕಲ್ಲಿಗೆ ಹತ್ತಿದ ಪಾಚಿಯಂತೂ ಎಣ್ಣೆಗಿಂತ ಕೆಟ್ಟದ್ದು. ಇದು ಹೆದರಿಸುವ ಮಾತಲ್ಲ. ೨೦೨೪ರ ಜುಲೈ ತಿಂಗಳ ಮೊದಲ ವಾರ ಹೀಗೆಯೇ ಒಮ್ಮೆಲೆ ಮಳೆ ಸುರಿದು, ರಾಯಗಡದ ಮೆಟ್ಟಿಲುಗಳ ಮೇಲೆ ಜಲಪಾತವೇ ಇಳಿದು, ಪ್ರವಾಸಿಗರು ಗೋಡೆ ಹಿಡಿದು ನಿಲ್ಲಬೇಕಾಯಿತು. ಜಿಲ್ಲಾಡಳಿತ ಕೆಲಕಾಲ ಗಡಕ್ಕೆ ಪ್ರವೇಶವನ್ನೇ ನಿಲ್ಲಿಸಿತು. ಇದೇ ಮಹಾಡ ತಾಲ್ಲೂಕಿನ ತಳಿಯೆ ಗ್ರಾಮದ ಮೇಲೆ ೨೦೨೧ರ ಜುಲೈ ೨೨ರಂದು ಗುಡ್ಡ ಕುಸಿದು ಎಷ್ಟೋ ಜನ ಮಣ್ಣಾದರು. ಈ ಸೀಮೆಯ ಮಳೆ ಪ್ರವಾಸಿಗರ ಬಿಡುವನ್ನು ನೋಡಿ ಬರುವುದಿಲ್ಲ.

ಉಳಿದೆವು. ಕಛೇರಿಗೆ ಸುದ್ದಿ ತಿಳಿಸಲು ಮೊಬೈಲಿನಲ್ಲಿ ಒಂದು ಗೆರೆ ಸಂಕೇತ ಸಿಕ್ಕಿತು, ಸಾಕಾಯಿತು. ಹೆಂಗಸಿನ ಮನೆ ಒಂದೇ ಅಂಕಣದ್ದು. ಒಲೆಯ ಸುತ್ತ ನಾವು ಆರೇಳು ಜನ. ದೀಪ ಹೋಗಿತ್ತು. ಹೊಗೆ, ಒದ್ದೆ ಬಟ್ಟೆ, ಬಿಸಿ ಭಾಕರಿ. ತಗಡಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ಪಕ್ಕದವರೊಡನೆಯೂ ಕೂಗಿ ಮಾತಾಡಬೇಕು.

ಹೊತ್ತು ಹೋಗಲೆಂದು ಆಕೆಯೇ ಹಿರ್ಕಣಿಯ ಕಥೆ ಹೇಳಿದಳು. ಗಡಕ್ಕೆ ಹಾಲು ಮಾರಲು ಬಂದ ಬಡವಿ. ಸೂರ್ಯ ಮುಳುಗಿದ ಮೇಲೆ ಬಾಗಿಲು ಮುಚ್ಚಿದರು. ಕೆಳಗೆ ಮನೆಯಲ್ಲಿ ಹಾಲುಗೂಸು. ಕಾವಲಿನವರು ಬಿಡದಿರಲು, ಕತ್ತಲಲ್ಲಿ ನೇರ ಬಂಡೆಯನ್ನೇ ಇಳಿದು ಮಗುವನ್ನು ಸೇರಿದಳು. ಶಿವಾಜಿ ಆಕೆಯನ್ನು ಸನ್ಮಾನಿಸಿ, ಇಳಿದ ಜಾಗದಲ್ಲಿ ಬುರುಜು ಕಟ್ಟಿಸಿ ಅವಳ ಹೆಸರನ್ನೇ ಇಟ್ಟನೆಂದು ಐತಿಹ್ಯ. ಮೊಮ್ಮಗ ನಡುನಡುವೆ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಬೇರೆ ದಾರಿಯಿರಲಿಲ್ಲ, ನನ್ನ ಮಾತು ಅವರಿಗೆ ಕೇಳಿಸುವಷ್ಟು ಹತ್ತಿರ ನಾನಿರಲಿಲ್ಲ.

ಕಥೆ ಮುಗಿದಾಗ ತಾಯಿ ಕೇಳಿದರು: ‘ಶಿವಾಜಿಯ ಮಗ ರಾಜಾರಾಮ ಓಡಿ ಬಂದದ್ದು ಈ ಕೋಟೆಯಿಂದಲೇ ಅಲ್ಲವೇನೋ?’

ಹುಡುಗನಿಗೆ ಗೊತ್ತಿರಲಿಲ್ಲ. ಅವನ ಪುಸ್ತಕ ಶಿವಾಜಿಯೊಡನೆ ಮುಗಿದಿತ್ತು. ಸಾಗರದಿಂದ ಕೂಗಳತೆಯಲ್ಲಿರುವ ಕೆಳದಿಯ ಕಥೆಗಳನ್ನು ಕೇಳಿ ಬೆಳೆದ ಅಜ್ಜಿಗೆ ಮುಂದಿನದು ಗೊತ್ತಿತ್ತು.

ನಡೆದದ್ದು ಹೀಗೆ. ೧೬೮೯ರ ಮಾರ್ಚಿಯಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದ. ಮೊಗಲರ ಸೈನ್ಯ ರಾಯಗಡಕ್ಕೆ ಮುತ್ತಿಗೆ ಹಾಕಿತು. ಗಡದ ಮೇಲೆ ಸಂಭಾಜಿಯ ವಿಧವೆ ಯೇಸೂಬಾಯಿ, ಏಳು ವರ್ಷವೂ ತುಂಬದ ಮಗ ಶಾಹು, ಮೈದುನ ರಾಜಾರಾಮ. ಎಲ್ಲರೂ ಒಂದೇ ಕಡೆ ಸಿಕ್ಕಿಬಿದ್ದರೆ ರಾಜ್ಯವೇ ಮುಗಿದಂತೆ. ಆಕೆ ಮೈದುನನನ್ನು ಹೊರಗೆ ಕಳುಹಿಸಿ, ತಾನು ಮಗನೊಡನೆ ಗಡದಲ್ಲೇ ಉಳಿದಳು. ಏಪ್ರಿಲ್ ೫ರಂದು ರಾಜಾರಾಮ ಇಳಿದುಹೋದ. ಆ ವರ್ಷದ ಮಳೆಗಾಲವನ್ನೆಲ್ಲ ಗಡ ತಾಳಿತು, ಕೈಬಿಟ್ಟದ್ದು ನವೆಂಬರಿನಲ್ಲಿ. ತಾಯಿ ಮಗ ಇಬ್ಬರೂ ಸೆರೆಯಾದರು. ಶಾಹುವಿಗೆ ಬಿಡುಗಡೆಯಾದದ್ದು ೧೭೦೭ರಲ್ಲಿ. ಯೇಸೂಬಾಯಿ ಸ್ವದೇಶಕ್ಕೆ ಮರಳಿದ್ದು ೧೭೧೯ರಲ್ಲಿ, ಮೂವತ್ತು ವರ್ಷಗಳ ಮೇಲೆ.

ರಾಜಾರಾಮ ಪನ್ಹಾಳಕ್ಕೆ ಹೋಗಿ, ಅಲ್ಲಿಯೂ ಮೊಗಲರು ಬಂದಾಗ ದೂರದ ಜಿಂಜಿಯ ಕಡೆ ಹೊರಟ. ಲಿಂಗಾಯತ ಯಾತ್ರಿಕರ ವೇಷದಲ್ಲಿ ಹೋದನೆಂಬ ಹೇಳಿಕೆಯುಂಟು. ಬೆನ್ನ ಹಿಂದೆ ಔರಂಗಜೇಬ; ಅವನ ಹೆಸರು ಕೇಳಿ ಬಾಗಿಲು ತೆರೆಯುವವರು ಯಾರು? ತೆರೆದವಳು ಕೆಳದಿಯ ರಾಣಿ ಚೆನ್ನಮ್ಮ. ಗಂಡ ಸೋಮಶೇಖರ ನಾಯಕನ ಮರಣಾನಂತರ ಬಿದನೂರಿನಿಂದ, ಎಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ, ಆಳುತ್ತಿದ್ದ ಹೆಣ್ಣುಮಗಳು. ಆಶ್ರಯ ಬೇಡಿ ಬಂದವನನ್ನು ಆಕೆ ಒಪ್ಪಿಸಲಿಲ್ಲ. ಸುರಕ್ಷಿತವಾಗಿ ಮುಂದಕ್ಕೆ ದಾಟಿಸಿದಳು. ಅದಕ್ಕಾಗಿ ಬಾದಶಹನ ದಂಡು ಅವಳ ಮೇಲೆ ಬಂತು. ಹೋರಾಡಿದಳು, ಕೊನೆಗೆ ಸಂಧಿಯಾಯಿತು, ರಾಜ್ಯ ಉಳಿಯಿತು.

ಇದನ್ನು ತಾಯಿ ತಮ್ಮ ಸೀಮೆಯ ಕನ್ನಡದಲ್ಲಿ ಹೇಳುತ್ತಿದ್ದರೆ, ಹುಡುಗ ಒಲೆಯ ಬಳಿಯ ಹೆಂಗಸಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಒಂದು ಕಡೆ ತಡವರಿಸಿದ. ‘ಅವನಿಗೆ ಆಸರೆ ಕೊಟ್ಟಳು’ ಎಂದಿದ್ದರು ಅಜ್ಜಿ. ಅವನು ಮಾತು ಹುಡುಕುವಷ್ಟರಲ್ಲಿ ಆ ಹೆಂಗಸೇ, ‘ಆಸರಾ ದಿಲಾ’ ಎಂದು ತಲೆಯಾಡಿಸಿದಳು. ಮಾತು ಎರಡು ಕಡೆಯೂ ಒಂದೇ ಆಗಿತ್ತು. ಹುಡುಗ ನಕ್ಕುಬಿಟ್ಟ. ಆಮೇಲೆ ಆಕೆ, ಆ ರಾಣಿಯ ಊರು ಈ ಅಜ್ಜಿಯ ಊರಿಗೆ ಹತ್ತಿರವೇ ಎಂದು ಕೇಳಿ ತಿಳಿದು, ತಾಯಿಯವರ ತಟ್ಟೆಗೆ ಕೇಳದೆ ಇನ್ನೊಂದು ಭಾಕರಿ ಹಾಕಿದಳು. ಸಂದಾಯ ಮುನ್ನೂರು ವರ್ಷ ತಡವಾಗಿ ಬಂದರೂ ಬಿಸಿಯಾಗಿತ್ತು.

ಬೆಳಗ್ಗೆ ಗಾಳಿ ತಗ್ಗಿತು. ಒಂಬತ್ತರ ಮೇಲೆ ತೊಟ್ಟಿಲು ಬಿಟ್ಟರು. ಹಿಂದಿನ ದಿನ ಮೆಟ್ಟಿಲಿಳಿದ ತರುಣರು ಕ್ಷೇಮವಾಗಿ ಬುಡ ಸೇರಿದ್ದರೆಂದು ತಿಳಿಯಿತು. ಅವರಲ್ಲೊಬ್ಬ ಪಾಚಾಡದ ಚಹಾದಂಗಡಿಯಲ್ಲಿ ಹಿಮ್ಮಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ನಾವು ಇಳಿದಿದ್ದರೂ ಬಹುಶಃ ಸೇರುತ್ತಿದ್ದೆವು. ‘ಬಹುಶಃ’ ಎಂಬ ಮಾತಿನ ಮೇಲೆ ತಾಯಿಯನ್ನು ಇಳಿಸಲು ನನಗೆ ಮನಸ್ಸು ಬರಲಿಲ್ಲ, ಅಷ್ಟೆ. ಒಂದು ದಿನದ ಸಂಬಳ ಹೋಯಿತು, ಆಕಾಶ ಬೀಳಲಿಲ್ಲ.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಹೊರಡುವ ಮುನ್ನಾದಿನ ಹವಾಮಾನ ಇಲಾಖೆಯ ಸೂಚನೆಯನ್ನೂ, ಗಡ ತೆರೆದಿದೆಯೇ ಎಂಬುದನ್ನೂ ವಿಚಾರಿಸಿರಿ. ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಇದ್ದರೆ ಮನೆಯಲ್ಲೇ ಭಜಿ ಕರಿಯಿರಿ. ಹಗ್ಗದ ದಾರಿ ಏರಿಸಿತೆಂದ ಮಾತ್ರಕ್ಕೆ ಇಳಿಸಿಯೇ ಇಳಿಸುತ್ತದೆಂಬ ಭರವಸೆಯಿಲ್ಲ. ಒಂದು ರಾತ್ರಿಗೆ ಬೇಕಾದ ಔಷಧಿ, ಒಣ ಬಟ್ಟೆ, ಕೈದೀಪ ಜೊತೆಗಿರಲಿ. ಕೊಡೆ ನಿರುಪಯೋಗಿ, ಮಳೆಯಂಗಿ, ಹಿಡಿತವುಳ್ಳ ಪಾದರಕ್ಷೆ ಬೇಕು. ಮಂಜಿನಲ್ಲಿ ಟಕ್ಮಕ್ ತುದಿ, ಹಿರ್ಕಣಿ ಬುರುಜುಗಳ ಅಂಚಿಗೆ ಹೋಗಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿಯೇ ವಾಸಿಸುವವರ ಮಾತು ಕೇಳಿರಿ. ಗಡದ ಮಳೆಯ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರಿಲ್ಲ.

ಇನ್ನೊಂದು ಸಂಗತಿ. ೨೦೨೫ರ ಜುಲೈಯಲ್ಲಿ ಯುನೆಸ್ಕೋ ಸಂಸ್ಥೆಯು ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದಲ್ಲಿ, ರಾಯಗಡವೂ ಅವುಗಳಲ್ಲೊಂದು; ಹನ್ನೆರಡನೆಯದು ತಮಿಳುನಾಡಿನ ಜಿಂಜಿ. ಪುಣೆಯ ನಮ್ಮವರಿಗೆ ಒಂದು ತುದಿ ಹತ್ತಿರ, ಮದರಾಸಿನ ನಮ್ಮವರಿಗೆ ಇನ್ನೊಂದು ತುದಿ ಹತ್ತಿರ. ಈ ತುದಿಯಿಂದ ಆ ತುದಿಗೆ ರಾಜಾರಾಮ ಹೋದ ದಾರಿ ಮಾತ್ರ ನಮ್ಮ ಮಲೆನಾಡಿನ ಒಬ್ಬ ಹೆಣ್ಣುಮಗಳ ಬಾಗಿಲ ಮುಂದೆ ಹಾದುಹೋಗುತ್ತದೆ. ಆ ಬಾಗಿಲು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಏನಂತೆ; ನಮ್ಮ ಮಕ್ಕಳಿಗೆ ತೋರಿಸಲು ನಮಗೆ ಯಾರ ಪಟ್ಟಿಯೂ ಬೇಕಿಲ್ಲ.

ದಸರೆಯ ರಜೆಗೆ ಕೆಳದಿಗೆ ಹೋಗುವುದೆಂದು ನಮ್ಮ ಮನೆಯಲ್ಲಿ ಗೊತ್ತಾಗಿದೆ. ಗೊತ್ತುಮಾಡಿದವನು ಮಗ. ಊರಿಗೆ ಫೋನು ಮಾಡಿ ಅಜ್ಜಿಗೆ ಅವನೇ ತಿಳಿಸಿದ. ಅರ್ಧ ಕನ್ನಡ, ಅರ್ಧ ಮರಾಠಿ. ಅಜ್ಜಿ ತಿದ್ದಲು ಹೋಗಲಿಲ್ಲವಂತೆ. ಮಳೆ ನಿಂತಿರುತ್ತದೆ, ಬಾ ಎಂದರಂತೆ.